ಪರ್ವತನದಿಗಳ ಗಣಿತ ಮಾದರಿಗಳು ಮತ್ತು ಅವುಗಳ ಹೊಂದಿಸುವಿಕೆ

ಒಂದು ಜಲಾನಯನ ಪ್ರದೇಶದ ಮೇಲೆ ಇಷ್ಟು ಮಳೆ ಬಿದ್ದರೆ ಅದರ ನದಿಯಲ್ಲಿ ಎಷ್ಟು ನೀರು, ಯಾವಾಗ ಹರಿದೀತು ಎಂಬುದು ಜಲವಿಜ್ಞಾನದ ಮೂಲಪ್ರಶ್ನೆಗಳಲ್ಲೊಂದು. ಐರ್ಲೆಂಡಿನ ಎಂಜಿನಿಯರ್ ಮಲ್ವಾನಿ 1851ರಲ್ಲಿಯೇ ಮಳೆಯ ತೀವ್ರತೆಗೂ ಪ್ರವಾಹದ ಗರಿಷ್ಠ ಪ್ರಮಾಣಕ್ಕೂ ಇರುವ ಸಂಬಂಧವನ್ನು ಒಂದು ಸರಳ ಸೂತ್ರದಲ್ಲಿ ಹಿಡಿಯಲು ಯತ್ನಿಸಿದನು. 1932ರಲ್ಲಿ ಅಮೆರಿಕದ ಶರ್ಮನ್ ಏಕಮಾನ ಜಲಲೇಖದ ತತ್ತ್ವವನ್ನು ಮಂಡಿಸಿದನು. 1966ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಮತ್ತು ಲಿನ್‌ಸ್ಲಿ ಎಂಬವರು ಗಣಕಯಂತ್ರದ ನೆರವಿನಿಂದ ಇಡೀ ಜಲಾನಯನ ಪ್ರದೇಶದ ವ್ಯಾಪಾರವನ್ನೇ ಅಂಕಿಗಳಲ್ಲಿ ಅನುಕರಿಸುವ ಮಾದರಿಯೊಂದನ್ನು ಪ್ರಕಟಿಸಿದರು. ಅಲ್ಲಿಂದೀಚೆಗೆ ಇಂಥ ಮಾದರಿಗಳು ಹಲವು ಹುಟ್ಟಿಕೊಂಡಿವೆ.

ಮಾದರಿಯನ್ನು ರಚಿಸುವುದು ಕೆಲಸದ ಅರ್ಧ ಮಾತ್ರ. ಅದನ್ನು ಒಂದು ನಿರ್ದಿಷ್ಟ ನದಿಗೆ ಹೊಂದಿಸುವುದು ಉಳಿದರ್ಧ. ಈ ಎರಡನೆಯ ಕಾರ್ಯವನ್ನು ಇಂಗ್ಲಿಷ್ ಗ್ರಂಥಗಳಲ್ಲಿ ಕ್ಯಾಲಿಬ್ರೇಷನ್ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಹೊಂದಿಸುವಿಕೆ ಎಂದು ಕರೆಯುತ್ತೇವೆ. ಬಯಲುನಾಡಿನ ನದಿಗಳಲ್ಲಿಯೂ ಈ ಕೆಲಸ ಸುಲಭವಲ್ಲ. ಪರ್ವತಪ್ರದೇಶದಲ್ಲಿ ಅದು ವಿಶೇಷವಾಗಿ ಮೋಸಗೊಳಿಸುವಂಥದು. ಲೆಕ್ಕಹಾಕಿದ ಹರಿವು ಅಳೆದ ಹರಿವಿನೊಡನೆ ಸರಿಹೊಂದಿತೆಂದ ಮಾತ್ರಕ್ಕೆ ಮಾದರಿಯು ನದಿಯ ನಿಜವಾದ ವ್ಯಾಪಾರವನ್ನು ಗ್ರಹಿಸಿದೆಯೆಂದು ಹೇಳಲು ಬಾರದು. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಹಿಮಾಲಯದ ಸಟ್ಲೆಜ್ ನದಿಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮಾದರಿಯ ಸ್ವರೂಪ

ಬಹುಮಟ್ಟಿಗೆ ಬಳಕೆಯಲ್ಲಿರುವ ಮಾದರಿಗಳನ್ನು ಒಂದರ ಕೆಳಗೊಂದು ಜೋಡಿಸಿದ, ತಳದಲ್ಲಿ ತೂತುಗಳುಳ್ಳ ಕೊಡಗಳ ಸಾಲಿಗೆ ಹೋಲಿಸಬಹುದು. ಮೇಲಿನ ಕೊಡವು ಮಣ್ಣು. ಅದು ಮಳೆಯ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ, ಒಂದಂಶವನ್ನು ಆವಿಯಾಗಿ ಬಿಟ್ಟುಕೊಡುತ್ತದೆ, ತುಂಬಿದ ಮೇಲೆ ತುಳುಕುತ್ತದೆ. ಕೆಳಗಿನ ಕೊಡವು ಅಂತರ್ಜಲ. ಅದು ನಿಧಾನವಾಗಿ ಸೋರುತ್ತ ಮಳೆಯಿಲ್ಲದ ತಿಂಗಳುಗಳಲ್ಲಿಯೂ ನದಿಯನ್ನು ಜೀವಂತವಾಗಿರಿಸುತ್ತದೆ. 1970ರ ದಶಕದಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಮ್ ರೂಪಿಸಿದ ಹೆಚ್.ಬಿ.ವಿ. ಮಾದರಿಯು ಈ ಬಗೆಯದು. ಶೀತಪ್ರದೇಶಗಳಿಗಾಗಿ ಈ ಸಾಲಿನ ನೆತ್ತಿಯ ಮೇಲೆ ಇನ್ನೊಂದು ಕೊಡವನ್ನಿಡಬೇಕಾಗುತ್ತದೆ. ಅದು ಹಿಮದ ಸಂಗ್ರಹ. ಚಳಿಗಾಲದಲ್ಲಿ ಬಿದ್ದುದು ಅಲ್ಲಿ ಶೇಖರವಾಗಿ, ಬೇಸಗೆಯಲ್ಲಿ ಕರಗಿ ಕೆಳಗಿಳಿಯುತ್ತದೆ.

ಪ್ರತಿಯೊಂದು ಕೊಡಕ್ಕೂ ಕೆಲವು ಅಂಕಿಗಳು ಬೇಕು: ಅದರ ಗಾತ್ರವೆಷ್ಟು, ತೂತು ಎಷ್ಟು ದೊಡ್ಡದು, ಎಷ್ಟು ಉಷ್ಣತೆಯಲ್ಲಿ ಹಿಮ ಕರಗತೊಡಗುತ್ತದೆ, ಒಂದು ಡಿಗ್ರಿ ಉಷ್ಣತೆ ಒಂದು ದಿನವಿದ್ದರೆ ಎಷ್ಟು ಮಿಲಿಮೀಟರು ಹಿಮ ನೀರಾಗುತ್ತದೆ, ಇತ್ಯಾದಿ. ಇವುಗಳಿಗೆ ನಿಯತಾಂಕಗಳೆಂದು ಹೆಸರು. ಇವುಗಳಲ್ಲಿ ಹೆಚ್ಚಿನವನ್ನು ಬೆಟ್ಟದ ಮೇಲೆ ಹತ್ತಿ ಅಳೆಯಲಾಗದು. ಒಂದು ಗೇಣು ಮಣ್ಣಿನ ಗುಣವನ್ನು ಅಳೆಯಬಹುದು. ಸಾವಿರ ಚದರ ಕಿಲೋಮೀಟರಿನ ಮಣ್ಣೆಲ್ಲಕ್ಕೂ ಸಲ್ಲುವ ಒಂದೇ ಅಂಕಿಯನ್ನು ಅಳೆಯುವ ಸಾಧನವಿಲ್ಲ. ಆದಕಾರಣ ನಾವು ಹಿಮ್ಮುಖವಾಗಿ ಸಾಗುತ್ತೇವೆ. ಹಿಂದಿನ ಹತ್ತೆಂಟು ವರ್ಷಗಳ ಮಳೆ ಮತ್ತು ಉಷ್ಣತೆಗಳನ್ನು ಮಾದರಿಗೆ ಕೊಟ್ಟು, ಅದು ಲೆಕ್ಕಹಾಕಿದ ಹರಿವು ಅಳೆದ ಹರಿವಿಗೆ ಆದಷ್ಟು ಸಮೀಪ ಬರುವಂತೆ ನಿಯತಾಂಕಗಳನ್ನು ತಿದ್ದುತ್ತ ಹೋಗುತ್ತೇವೆ. ಇದೇ ಹೊಂದಿಸುವಿಕೆ. ಹಿಂದೆ ಇದನ್ನು ಕೈಯಿಂದಲೇ ಮಾಡುತ್ತಿದ್ದರು. ಈಗ ಗಣಕಯಂತ್ರಗಳು ಲಕ್ಷಗಟ್ಟಲೆ ನಿಯತಾಂಕ ಸಮೂಹಗಳನ್ನು ಅಲ್ಪಕಾಲದಲ್ಲಿ ಪರೀಕ್ಷಿಸಿ ಅತ್ಯುತ್ತಮವಾದುದನ್ನು ಆರಿಸಿಕೊಡುತ್ತವೆ.

ಸಟ್ಲೆಜ್ ನದಿಯ ವಿಚಾರ

ಋಗ್ವೇದದಲ್ಲಿ ಶುತುದ್ರಿಯೆಂದೂ ಮುಂದಿನ ಗ್ರಂಥಗಳಲ್ಲಿ ಶತದ್ರುವೆಂದೂ ಹೆಸರಾದ ಈ ನದಿಯು ಟಿಬೆಟ್ಟಿನ ರಾಕ್ಷಸತಾಲದ ಆಸುಪಾಸಿನಲ್ಲಿ ಹುಟ್ಟಿ, ಶಿಪ್ಕಿ ಕಣಿವೆಯ ಬಳಿ ಭಾರತವನ್ನು ಪ್ರವೇಶಿಸಿ, ಖಾಬ್ ಎಂಬಲ್ಲಿ ಸ್ಪಿತಿ ನದಿಯನ್ನು ಕೂಡಿಕೊಂಡು, ಕಿನ್ನೌರ್ ಮತ್ತು ರಾಮಪುರಗಳ ಮೂಲಕ ಭಾಕ್ರಾ ಅಣೆಕಟ್ಟನ್ನು ಸೇರುತ್ತದೆ. ಭಾಕ್ರಾದವರೆಗಿನ ಜಲಾನಯನ ಪ್ರದೇಶವು ಸುಮಾರು 56,000 ಚದರ ಕಿಲೋಮೀಟರಿಗೂ ಮಿಗಿಲಾದುದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಟಿಬೆಟ್ಟಿನಲ್ಲಿದೆ. 226 ಮೀಟರು ಎತ್ತರದ ಅಣೆಕಟ್ಟನ್ನು 1963ರಲ್ಲಿ ರಾಷ್ಟ್ರಕ್ಕೆ ಅರ್ಪಿಸಲಾಯಿತು. ಪಂಜಾಬ್, ಹರಿಯಾಣ, ರಾಜಸ್ಥಾನಗಳ ವಿಶಾಲವಾದ ಹೊಲಗಳು ಅದರ ನೀರನ್ನು ನಂಬಿವೆ. ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರಿನವರೆಗೆ ಜಲಾಶಯ ತುಂಬುವ ಕಾಲ. ಮುಂದೆ ಬರುವ ನೀರಿನ ಅಂದಾಜು ಹೆಚ್ಚಾದರೆ ಚಳಿಗಾಲದ ಬೆಳೆಗೆ ನೀರು ಸಾಲದು. ಕಡಿಮೆಯಾದರೆ ತುಂಬಿದ ಜಲಾಶಯದ ಮೇಲೆ ಮಳೆಗಾಲದ ಪ್ರವಾಹ ಬಂದು ಕೆಳಗಿನ ಊರುಗಳಿಗೆ ಅಪಾಯವಾದೀತು. ಆದುದರಿಂದ ಮಾದರಿಯ ನಿಷ್ಕೃಷ್ಟತೆ ಇಲ್ಲಿ ಪಾಂಡಿತ್ಯದ ಮಾತು ಮಾತ್ರವಲ್ಲ.

ಈ ನದಿಗೆ ನೀರು ಎರಡು ದಾರಿಗಳಿಂದ ಬರುತ್ತದೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ವಾಯುಕ್ಷೋಭೆಗಳು ಎತ್ತರದ ಪ್ರದೇಶಗಳ ಮೇಲೆ ಹಿಮವನ್ನು ಸುರಿಸುತ್ತವೆ. ಅದು ಬೇಸಗೆಯಲ್ಲಿ ಕರಗುತ್ತದೆ. ಜುಲೈಯಿಂದ ಸೆಪ್ಟೆಂಬರಿನವರೆಗೆ ಮುಂಗಾರು ಮಳೆ ಕೆಳಗಿನ ಇಳಿಜಾರುಗಳ ಮೇಲೆ ಬೀಳುತ್ತದೆ. ಆದರೆ ಮಳೆನೆರಳಿನಲ್ಲಿರುವ ಸ್ಪಿತಿಯ ಕಣಿವೆಗೆ ಅದು ಅತ್ಯಲ್ಪವಾಗಿ ಮುಟ್ಟುತ್ತದೆ. ಪ್ರತಾಪ ಸಿಂಗ್ ಮತ್ತು ಎಸ್. ಕೆ. ಜೈನ್ ಎಂಬ ವಿದ್ವಾಂಸರು 2002ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾಕ್ರಾದಲ್ಲಿನ ವಾರ್ಷಿಕ ಹರಿವಿನಲ್ಲಿ ಹಿಮ ಮತ್ತು ಹಿಮನದಿಗಳ ಪಾಲು ಶೇಕಡ 59. ಮಳೆಯ ಪಾಲು ಶೇಕಡ 41. ಈ ಅಂದಾಜನ್ನು ನೀರಿನ ಆಯವ್ಯಯದ ಲೆಕ್ಕದಿಂದ ಪಡೆದರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಆಯವ್ಯಯದ ಲೆಕ್ಕದಲ್ಲಿ ಅಳೆಯಲಾಗದ ಬಾಬ್ತು ಶೇಷವಾಗಿ ದೊರೆಯುವುದರಿಂದ, ಅಳೆದ ಬಾಬ್ತುಗಳಲ್ಲಿರುವ ದೋಷವೆಲ್ಲವೂ ಆ ಶೇಷದಲ್ಲಿ ಬಂದು ಸೇರುವ ಸಂಭವವಿರುತ್ತದೆ.

ದೋಷದ ಮೂಲಗಳು

ಪರ್ವತಪ್ರದೇಶದಲ್ಲಿ ಜನವಸತಿ ಕಣಿವೆಯ ತಳದಲ್ಲಿ. ಆದುದರಿಂದ ಮಾಪನ ಕೇಂದ್ರಗಳೂ ಬಹುಪಾಲು ಅಲ್ಲಿಯೇ. ನೀರು ಹುಟ್ಟುವುದಾದರೋ ನಾಲ್ಕೈದು ಸಾವಿರ ಮೀಟರು ಎತ್ತರದ ಹಿಮಭೂಮಿಯಲ್ಲಿ. ಕೆಳಗಿನ ಅಳತೆಯಿಂದ ಮೇಲಿನ ಸ್ಥಿತಿಯನ್ನು ಊಹಿಸುವುದು ಅನಿವಾರ್ಯ.

ಮೊದಲು ಉಷ್ಣತೆಯನ್ನು ತೆಗೆದುಕೊಳ್ಳೋಣ. ಸಾವಿರ ಮೀಟರು ಮೇಲೇರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆಂಬುದು ಪಠ್ಯಪುಸ್ತಕಗಳ ಮಾತು. ವಾಸ್ತವವಾಗಿ ಈ ಇಳಿತವು ಋತುವಿಗೂ ಗಾಳಿಯ ತೇವಕ್ಕೂ ತಕ್ಕಂತೆ ಬದಲಾಗುತ್ತದೆ. 2,000 ಮೀಟರು ಎತ್ತರದ ಕೇಂದ್ರದಲ್ಲಿ ದಿನದ ಸರಾಸರಿ ಉಷ್ಣತೆ 18 ಡಿಗ್ರಿ ಎಂದಿಟ್ಟುಕೊಳ್ಳೋಣ. 6.5ರ ಲೆಕ್ಕದಲ್ಲಿ 5,000 ಮೀಟರಿನಲ್ಲಿ ಉಷ್ಣತೆ ಸೊನ್ನೆಗಿಂತ 1.5 ಡಿಗ್ರಿ ಕೆಳಗೆ, ಹಿಮ ಕರಗದು. 5.5ರ ಲೆಕ್ಕದಲ್ಲಿ ಅದು ಸೊನ್ನೆಗಿಂತ 1.5 ಡಿಗ್ರಿ ಮೇಲೆ. ಒಂದು ಡಿಗ್ರಿಗೆ ದಿನಕ್ಕೆ 5 ಮಿಲಿಮೀಟರು ಕರಗುವುದಾದರೆ 7.5 ಮಿಲಿಮೀಟರು ನೀರು ಬಿಡುಗಡೆಯಾಗುತ್ತದೆ. ಇಂಥ ಹಿಮ ಸಾವಿರ ಚದರ ಕಿಲೋಮೀಟರು ಹರಡಿದ್ದರೆ, ಆ ನೀರು ಸೆಕೆಂಡಿಗೆ ಸುಮಾರು 87 ಘನ ಮೀಟರು, ಅಂದರೆ ಸುಮಾರು 3,000 ಕ್ಯೂಸೆಕ್ಸ್ ಆಗುತ್ತದೆ. ಒಂದೇ ಒಂದು ಡಿಗ್ರಿಯ ಭೇದವು ಏನೂ ಇಲ್ಲದಲ್ಲಿ ಒಂದು ಹೊಳೆಯನ್ನೇ ಸೃಷ್ಟಿಸಿತು!

ಮಳೆ ಮತ್ತು ಹಿಮಪಾತದ ಅಳತೆ ಇನ್ನೂ ಕಠಿನ. ಎತ್ತರಕ್ಕೆ ಹೋದಂತೆ ಅವುಗಳ ಪ್ರಮಾಣ ಹೆಚ್ಚುತ್ತದೆಯಾದರೂ ಎಷ್ಟು ಹೆಚ್ಚುತ್ತದೆ, ಎಲ್ಲಿಯವರೆಗೆ ಹೆಚ್ಚುತ್ತದೆ ಎಂಬುದು ಪ್ರತಿ ಕಣಿವೆಯಲ್ಲಿಯೂ ಬೇರೆ. ಮೇಲಾಗಿ, ಗಾಳಿ ಬೀಸುವಾಗ ಹಗುರವಾದ ಹಿಮದ ಎಸಳುಗಳು ಮಾಪಕದ ಬಾಯಿಗೆ ಬೀಳದೆ ಪಕ್ಕಕ್ಕೆ ಹಾರಿಹೋಗುತ್ತವೆ. ಆದಕಾರಣ ಅಳೆದ ಹಿಮಪಾತವು ನಿಜವಾದುದಕ್ಕಿಂತ ಕಡಿಮೆಯಾಗಿರುವುದೇ ಸಾಮಾನ್ಯ. ಸಿಂಧೂ ನದಿಯ ಮೇಲಣ ಜಲಾನಯನ ಪ್ರದೇಶವನ್ನು ಕುರಿತು ಡಚ್ ವಿಜ್ಞಾನಿ ಇಮ್ಮರ್‌ಝೀಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಕಣ್ಣು ತೆರೆಸುವಂಥದು. ಕಣಿವೆಯ ಕೇಂದ್ರಗಳು ತೋರಿಸುವಷ್ಟೇ ಮಳೆಹಿಮಗಳು ಬೀಳುತ್ತಿದ್ದರೆ ಅಲ್ಲಿನ ದೊಡ್ಡ ಹಿಮನದಿಗಳು ಈಗಿರುವಂತೆ ಉಳಿಯುವುದು ಸಾಧ್ಯವೇ ಇರಲಿಲ್ಲವೆಂದೂ, ಎತ್ತರದ ಕೆಲವೆಡೆಗಳಲ್ಲಿ ನಿಜವಾದ ಪ್ರಮಾಣವು ಹಿಂದೆ ನಂಬಿದ್ದುದರ ಹತ್ತುಪಟ್ಟಿನವರೆಗೂ ಇರಬೇಕೆಂದೂ ಅವರು ತೋರಿಸಿದರು.

ನದಿಯ ಹರಿವಿನ ಅಳತೆಯೂ ದೋಷರಹಿತವಲ್ಲ. ನಾವು ನಿತ್ಯ ಅಳೆಯುವುದು ನೀರಿನ ಮಟ್ಟವನ್ನು. ಮಟ್ಟದಿಂದ ಹರಿವನ್ನು ಒಂದು ರೇಖೆಯ ಮೂಲಕ ಕಂಡುಹಿಡಿಯುತ್ತೇವೆ. ಬಂಡೆಗಳನ್ನುರುಳಿಸಿಕೊಂಡು ಬರುವ ಪರ್ವತನದಿಯ ಪಾತ್ರವು ಒಂದು ಪ್ರವಾಹದಿಂದಲೇ ಬದಲಾಗಿ, ಆ ರೇಖೆ ಸುಳ್ಳಾಗಿಬಿಡಬಹುದು.

ತಪ್ಪು ಕಾರಣದಿಂದ ಸರಿಯಾದ ಉತ್ತರ

ಈ ದೋಷಗಳು ಹೊಂದಿಸುವಿಕೆಯ ಕಾಲಕ್ಕೆ ಎಲ್ಲಿ ಹೋಗುತ್ತವೆ? ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಒಂದು ಪ್ರದೇಶದಲ್ಲಿ ವರ್ಷಕ್ಕೆ ನಿಜವಾಗಿ 1,300 ಮಿಲಿಮೀಟರು ಮಳೆಹಿಮಗಳು ಬಿದ್ದು, 300 ಮಿಲಿಮೀಟರು ಆವಿಯಾಗಿ, 1,000 ಮಿಲಿಮೀಟರು ನದಿಯಲ್ಲಿ ಹರಿಯುತ್ತದೆಯೆನ್ನೋಣ. ಹಿಮನದಿಗಳು ಬೆಳೆಯುತ್ತಲೂ ಇಲ್ಲ, ಕ್ಷಯಿಸುತ್ತಲೂ ಇಲ್ಲ. ಕಣಿವೆಯ ಮಾಪಕಗಳನ್ನು ನಂಬಿದ ಮಾದರಿಗಾರನಿಗೆ ಮಳೆಹಿಮಗಳು 900 ಮಿಲಿಮೀಟರು ಮಾತ್ರ ಎಂದು ತೋರುತ್ತದೆ. ಆವಿಯನ್ನು ಕಳೆದರೆ ಉಳಿಯುವುದು 600. ಅಳೆದ ಹರಿವು 1,000. ಕೊರತೆಯಾದ 400 ಮಿಲಿಮೀಟರನ್ನು ಎಲ್ಲಿಂದ ತರಬೇಕು? ಗಣಕಯಂತ್ರವು ನಿಯತಾಂಕಗಳನ್ನು ಹುಡುಕುತ್ತ ಹೋಗಿ, ಹಿಮನದಿಯು ಕರಗುವ ವೇಗವನ್ನು ಹೆಚ್ಚಿಸಿದರೆ ಲೆಕ್ಕ ಸರಿಹೋಗುತ್ತದೆಂದು ಕಂಡುಕೊಳ್ಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಮಳೆಯ ಅಳತೆಯ ದೋಷಕ್ಕೆ ಹಿಮನದಿಯ ನಿಯತಾಂಕವನ್ನು ತಿದ್ದಿದಂತಾಯಿತು. ಜಮಾಖರ್ಚಿನ ಒಟ್ಟು ಮೊತ್ತ ಸರಿ, ಬಾಬ್ತುಗಳೆಲ್ಲ ತಪ್ಪು.

ಹವಾಮಾನವು ಇದ್ದಂತೆಯೇ ಇದ್ದರೆ ಈ ತಪ್ಪಿನಿಂದ ಹೆಚ್ಚಿನ ಹಾನಿಯಿಲ್ಲ; ನಾಳಿನ ಹರಿವನ್ನು ಆ ಮಾದರಿ ಬಹುಶಃ ಚೆನ್ನಾಗಿಯೇ ಹೇಳೀತು. ಆದರೆ ಐವತ್ತು ವರ್ಷಗಳ ಅನಂತರದ ಪ್ರಶ್ನೆಯನ್ನು ಕೇಳಿದಾಗ ಗುಟ್ಟು ರಟ್ಟಾಗುತ್ತದೆ. ಹಿಮನದಿಗಳೆಲ್ಲ ಕರಗಿಹೋದುವೆಂದು ಭಾವಿಸಿದರೆ, ಮಳೆಹಿಮಗಳ ಒಟ್ಟು ಪ್ರಮಾಣ ಬದಲಾಗದಿರುವಲ್ಲಿ, ನಿಜವಾದ ನದಿಯ ವಾರ್ಷಿಕ ಹರಿವು ಸುಮಾರು 1,000 ಮಿಲಿಮೀಟರಿನಷ್ಟೇ ಇರುತ್ತದೆ. ಋತುಗಳಲ್ಲಿ ಹಂಚಿಕೆ ಮಾತ್ರ ಬೇರೆಯಾಗುತ್ತದೆ. ತಪ್ಪಾಗಿ ಹೊಂದಿಸಿದ ಮಾದರಿಯಾದರೋ ಹರಿವು 600ಕ್ಕೆ ಇಳಿಯುವುದೆಂದು ಸಾರುತ್ತದೆ. ಇದನ್ನು ನಂಬಿ ಕಾಲುವೆಗಳನ್ನೂ ವಿದ್ಯುದಾಗಾರಗಳನ್ನೂ ಯೋಜಿಸಿದರೆ ಅದರ ಫಲವನ್ನು ಅನುಭವಿಸುವವರು ಮುಂದಿನ ಪೀಳಿಗೆಯ ರೈತರು.

ಭಿನ್ನಭಿನ್ನವಾದ ನಿಯತಾಂಕ ಸಮೂಹಗಳು ಒಂದೇ ಬಗೆಯ ಫಲವನ್ನು ಕೊಡುವ ಈ ಗುಣವನ್ನು ಇಂಗ್ಲೆಂಡಿನ ಕೀತ್ ಬೆವೆನ್ ವಿಸ್ತಾರವಾಗಿ ಚರ್ಚಿಸಿದ್ದಾರೆ. ಇದನ್ನು ನಾವು ಸಮಫಲತ್ವವೆನ್ನಬಹುದು. ಅತ್ಯುತ್ತಮವಾದ ಒಂದೇ ಸಮೂಹವನ್ನು ಆರಿಸುವ ಬದಲು, ಒಪ್ಪತಕ್ಕ ಎಲ್ಲ ಸಮೂಹಗಳನ್ನೂ ಉಳಿಸಿಕೊಂಡು ಮುಂದಿನ ಹರಿವನ್ನು ಒಂದು ವ್ಯಾಪ್ತಿಯಾಗಿ ಹೇಳಬೇಕೆಂದು ಅವರೂ ಬಿನ್ಲೀ ಎಂಬವರೂ 1992ರಲ್ಲಿ ಸೂಚಿಸಿದರು.

ಅಂಕಗಳ ಭ್ರಮೆ

ಮಾದರಿಯು ಎಷ್ಟು ಚೆನ್ನಾಗಿ ಹೊಂದಿತೆಂಬುದನ್ನು ಅಳೆಯಲು 1970ರಲ್ಲಿ ನ್ಯಾಷ್ ಮತ್ತು ಸಟ್‌ಕ್ಲಿಫ್ ಸೂಚಿಸಿದ ದಕ್ಷತಾಂಕವು ಇಂದಿಗೂ ಬಹಳ ಬಳಕೆಯಲ್ಲಿದೆ. ಲೆಕ್ಕವೂ ಅಳತೆಯೂ ಸಂಪೂರ್ಣ ಒಂದಾದರೆ ಅದರ ಬೆಲೆ 1. ಇಡೀ ಅವಧಿಯ ಸರಾಸರಿ ಹರಿವನ್ನೇ ಪ್ರತಿದಿನವೂ ಹೇಳುವ ಮಾದರಿಗೆ ಸೊನ್ನೆ. ಅದಕ್ಕೂ ಕೀಳಾದರೆ ಋಣಸಂಖ್ಯೆ. 0.85ರಷ್ಟು ಬಂದರೆ ವಿದ್ಯಾರ್ಥಿಗಳು ಸಂತುಷ್ಟರಾಗುವುದು ವಾಡಿಕೆ. ಆದರೆ ಸಟ್ಲೆಜ್‌ನಂಥ ನದಿಯಲ್ಲಿ ಚಳಿಗಾಲದ ಹರಿವು ಬಲು ಕಡಿಮೆ, ಬೇಸಗೆಯ ಹರಿವು ಬಲು ಹೆಚ್ಚು; ಪ್ರತಿವರ್ಷವೂ ಅದೇ ಏರಿಳಿತ. ಆದುದರಿಂದ ಮಳೆ ಉಷ್ಣತೆಗಳನ್ನು ನೋಡದೆಯೇ, ಹಿಂದಿನ ವರ್ಷಗಳಲ್ಲಿ ಅದೇ ತಾರೀಖಿನ ಸರಾಸರಿ ಎಷ್ಟಿತ್ತೋ ಅಷ್ಟನ್ನೇ ಪಂಚಾಂಗದಂತೆ ಓದಿಹೇಳಿದರೂ ದಕ್ಷತಾಂಕ ಸಾಕಷ್ಟು ಎತ್ತರಕ್ಕೆ ಹೋಗುತ್ತದೆ. ಪರ್ವತನದಿಯ ಮಾದರಿಯನ್ನು ಒಟ್ಟು ಸರಾಸರಿಯೊಡನೆ ಹೋಲಿಸದೆ ಈ ಪಂಚಾಂಗದ ಸರಾಸರಿಯೊಡನೆ ಹೋಲಿಸುವುದೇ ನ್ಯಾಯ. ಅದನ್ನು ಮೀರಿಸಿದಷ್ಟು ಮಾತ್ರ ಮಾದರಿಯ ಸ್ವಂತ ಸಂಪಾದನೆ.

ಪರಿಹಾರದ ಮಾರ್ಗಗಳು

ಮೊದಲನೆಯದು, ಒಂದೇ ಸಾಕ್ಷಿಯನ್ನು ನಂಬದಿರುವುದು. ಹರಿವಿನ ಜೊತೆಗೆ ಹಿಮದ ವ್ಯಾಪ್ತಿಯನ್ನೂ ಹಿಮನದಿಯ ಏರಿಳಿತವನ್ನೂ ಮಾದರಿಯು ಸರಿಯಾಗಿ ಹೇಳಬೇಕೆಂದು ಕೇಳತಕ್ಕದ್ದು. 1999ರ ಡಿಸೆಂಬರಿನಲ್ಲಿ ಹಾರಿಬಿಟ್ಟ ಟೆರ್ರಾ ಉಪಗ್ರಹದ ಮೋಡಿಸ್ ಉಪಕರಣದಿಂದ 2000ದಿಂದೀಚೆಗೆ ಹಿಮದ ಹೊದಿಕೆಯ ನಕ್ಷೆಗಳು ದೊರೆಯುತ್ತಿವೆ. ಮೋಡವಿಲ್ಲದ ದಿನಗಳಲ್ಲಿ ಹಿಮದ ಅಂಚು ಯಾವ ಎತ್ತರಕ್ಕೆ ಸರಿಯಿತೆಂಬುದನ್ನು ಅವು ತೋರಿಸುತ್ತವೆ. ಉಷ್ಣತೆಯ ಇಳಿತವನ್ನು ತಪ್ಪಾಗಿ ಹಿಡಿದ ಮಾದರಿಯಲ್ಲಿ ಈ ಅಂಚು ಬೇಗನೆಯೋ ತಡವಾಗಿಯೋ ಮೇಲೇರಿ, ತಪ್ಪು ಬಯಲಾಗುತ್ತದೆ.

ಹಿಮನದಿಗಳ ಸಾಕ್ಷ್ಯವು ಇನ್ನೂ ಬಲವಾದುದು. ಮೇಲಿನ ಕಲ್ಪಿತ ಪ್ರದೇಶದಲ್ಲಿ ಐದನೆಯ ಒಂದು ಭಾಗವನ್ನು ಹಿಮನದಿಗಳು ಆವರಿಸಿದ್ದರೆ, ಇಡೀ ಪ್ರದೇಶಕ್ಕೆ 400 ಮಿಲಿಮೀಟರು ನೀರೊದಗಿಸಲು ಅವು ವರ್ಷಕ್ಕೆ 2 ಮೀಟರು ನೀರಿನಷ್ಟು ತೆಳುವಾಗಬೇಕು. ಲಾಹೌಲ್–ಸ್ಪಿತಿ ಸೀಮೆಯ ಹಿಮನದಿಗಳು ಈ ಶತಮಾನದ ಮೊದಲ ದಶಕದಲ್ಲಿ ಸರಾಸರಿ ವರ್ಷಕ್ಕೆ ಸುಮಾರು ಅರ್ಧ ಮೀಟರು ನೀರಿನಷ್ಟು ಕಳೆದುಕೊಂಡುವೆಂದು ಉಪಗ್ರಹಗಳ ಅಳತೆಯಿಂದ ತಿಳಿದಿದೆ. ಚಂದ್ರಾ ಕಣಿವೆಯ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಸ್ಥಳದಲ್ಲಿಯೇ ಅಳತೆ ನಡೆದಿದೆ. ಆ ಸೀಮೆಯ ಮಾದರಿಯೊಂದು 2 ಮೀಟರೆಂದು ಹೇಳಿದರೆ, ಅದರ ಹರಿವು ಎಷ್ಟೇ ಅಂದವಾಗಿ ಹೊಂದಿದ್ದರೂ ಅದನ್ನು ತಿರಸ್ಕರಿಸಿ, ಮಳೆಹಿಮಗಳ ಅಳತೆಯನ್ನೇ ಮೊದಲು ತಿದ್ದಬೇಕಾಗುತ್ತದೆ.

ಎರಡನೆಯದು, ಕಠಿನವಾದ ಪರೀಕ್ಷೆ. ಲಭ್ಯವಾದ ವರ್ಷಗಳನ್ನು ಎರಡು ಭಾಗಮಾಡಿ, ಒಂದರಲ್ಲಿ ಹೊಂದಿಸಿ ಇನ್ನೊಂದರಲ್ಲಿ ಪರೀಕ್ಷಿಸುವುದು ರೂಢಿ. ಎರಡು ಭಾಗಗಳೂ ಒಂದೇ ಬಗೆಯ ಹವಾಮಾನದವಾದರೆ ಇದರಿಂದ ಹೆಚ್ಚೇನೂ ತಿಳಿಯದು. ಝೆಕ್ ಮೂಲದ ಕೆನಡಾ ವಿಜ್ಞಾನಿ ಕ್ಲೆಮೆಶ್ 1986ರಲ್ಲಿ ಇದಕ್ಕಿಂತ ಬಿಗಿಯಾದ ಕ್ರಮವನ್ನು ಸೂಚಿಸಿದನು: ಮಾದರಿಯನ್ನು ಬದಲಾದ ಹವಾಮಾನಕ್ಕೆ ಬಳಸುವ ಉದ್ದೇಶವಿದ್ದರೆ, ತಂಪಾದ ವರ್ಷಗಳಲ್ಲಿ ಹೊಂದಿಸಿ ಬೆಚ್ಚಗಿನ ವರ್ಷಗಳಲ್ಲಿ ಪರೀಕ್ಷಿಸು; ತೇವದ ವರ್ಷಗಳಲ್ಲಿ ಹೊಂದಿಸಿ ಒಣವರ್ಷಗಳಲ್ಲಿ ಪರೀಕ್ಷಿಸು ಎಂಬುದು ಅದರ ಸಾರ. ಕಂಡ ಪಾಠದಿಂದಲೇ ಪ್ರಶ್ನೆ ಕೇಳಿದರೆ ವಿದ್ಯಾರ್ಥಿಯ ತಿಳಿವಳಿಕೆ ಗೊತ್ತಾಗದೆಂಬುದು ಅಧ್ಯಾಪಕರೆಲ್ಲರೂ ಬಲ್ಲ ವಿಷಯ.

ಮೂರನೆಯದು, ಮಾದರಿಯ ಎಲ್ಲೆಯನ್ನು ಅರಿತಿರುವುದು. ಸ್ಪಿತಿಯನ್ನು ಸೇರುವ ಪಾರೆಚು ನದಿಗೆ 2004ರಲ್ಲಿ ಟಿಬೆಟ್ಟಿನಲ್ಲಿ ಭೂಕುಸಿತದಿಂದ ಅಡ್ಡಕಟ್ಟೆಯುಂಟಾಗಿ ಸರೋವರವೊಂದು ಹುಟ್ಟಿತು. 2005ರ ಜೂನಿನಲ್ಲಿ ಅದು ಒಡೆದು ಸಟ್ಲೆಜ್ ಕಣಿವೆಯಲ್ಲಿ ದೊಡ್ಡ ಪ್ರವಾಹವಾಯಿತು. ಕೊಡಗಳ ಸಾಲಿನಲ್ಲಿ ಇಂಥ ಘಟನೆಗೆ ಸ್ಥಾನವಿಲ್ಲ. ಆ ವರ್ಷದ ಹರಿವಿಗೂ ಮಾದರಿಯನ್ನು ಹೊಂದಿಸಲೆಳಸಿದರೆ ಉಳಿದ ವರ್ಷಗಳ ನಿಯತಾಂಕಗಳು ಕೆಡುತ್ತವೆ. ಅಂಥ ದಿನಗಳನ್ನು ಗುರುತಿಸಿ ಬೇರೆಯಿಡುವುದೇ ಯುಕ್ತ.

ನಮ್ಮ ನಾಡಿನ ಮಟ್ಟಿಗೆ

ಕರ್ನಾಟಕದಲ್ಲಿ ಹಿಮವಿಲ್ಲ. ಆದರೂ ಮೇಲಿನ ವಿಚಾರದ ಮುಖ್ಯಾಂಶ ಪಶ್ಚಿಮ ಘಟ್ಟಗಳ ನದಿಗಳಿಗೂ ಅನ್ವಯಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರಿನೊಳಗೆ, ಶಿವಮೊಗ್ಗದಲ್ಲಿ, ಅದು ಸಾವಿರ ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ತುಂಗೆಯ ಮಾದರಿಯೊಂದನ್ನು ರಚಿಸುವಾಗ ಘಟ್ಟದ ನೆತ್ತಿಯ ಒಂದು ಮಳೆಮಾಪಕವನ್ನು ಸೇರಿಸುವುದರಿಂದಲೂ ಬಿಡುವುದರಿಂದಲೂ ಒಟ್ಟು ಮಳೆಯ ಅಂದಾಜು ಬಹಳ ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸವನ್ನು ಇಲ್ಲಿ ನುಂಗಿಕೊಳ್ಳುವುದು ಹಿಮನದಿಯ ನಿಯತಾಂಕವಲ್ಲ, ಮಣ್ಣಿನ ಮತ್ತು ಬಾಷ್ಪೀಭವನದ ನಿಯತಾಂಕಗಳು. ಹೀಗೆ ದೊರೆತ ಅಂಕಿಗಳನ್ನು ಕಂಡು, ಮಲೆನಾಡಿನ ಕಾಡು ಇಷ್ಟು ನೀರನ್ನು ಹೀರುತ್ತದೆ, ಅಂತರ್ಜಲಕ್ಕೆ ಇಷ್ಟು ಇಳಿಯುತ್ತದೆ ಎಂದು ನಿರ್ಧಾರವಾಗಿ ಬರೆಯುವುದು ಸಾಹಸವೇ ಸರಿ.

ಪದವಿ ತರಗತಿಗಳಲ್ಲಿ ಇದನ್ನು ಪ್ರಯೋಗವಾಗಿಯೇ ಮಾಡಿಸಬಹುದು. ಎರಡು ಕೊಡಗಳ ಒಂದು ಸರಳ ಮಾದರಿಯನ್ನು ಘಟ್ಟದ ಯಾವುದಾದರೂ ಹೊಳೆಗೆ ಹೊಂದಿಸಿರಿ. ಅನಂತರ ಮಳೆಯ ಅಂಕಿಗಳೆಲ್ಲವನ್ನೂ ಬೇಕೆಂದೇ ಶೇಕಡ 20ರಷ್ಟು ತಗ್ಗಿಸಿ ಮತ್ತೆ ಹೊಂದಿಸಿರಿ. ದಕ್ಷತಾಂಕವು ಎಷ್ಟು ಅಲ್ಪವಾಗಿ ಇಳಿಯಬಲ್ಲುದು, ನಿಯತಾಂಕಗಳು ಎಷ್ಟು ದೂರ ಸರಿಯಬಲ್ಲುವು ಎಂಬುದನ್ನು ವಿದ್ಯಾರ್ಥಿಗಳು ತಾವೇ ಅಳೆದು ಪಟ್ಟಿಮಾಡಲಿ. ಈ ಪ್ರಯೋಗಕ್ಕೆ ಹಲವು ವರ್ಷಗಳ ನಿತ್ಯದ ಮಳೆ ಮತ್ತು ಹರಿವಿನ ಅಂಕಿಗಳೂ ಒಂದು ಸಾಧಾರಣ ಗಣಕಯಂತ್ರವೂ ಸಾಕು. ಕಾಲೇಜಿನ ಆವರಣದಲ್ಲಿ ಒಂದು ಮಳೆಮಾಪಕವನ್ನು ನಿಲ್ಲಿಸಿ ದಿನಂಪ್ರತಿ ಓದಿ ಬರೆದಿಡುವ ಪದ್ಧತಿಯನ್ನು ಮಲೆನಾಡಿನ ಕಾಲೇಜುಗಳು ಕೈಗೊಂಡರೆ, ಮುಂದೆ ಈ ನದಿಗಳನ್ನು ಅಭ್ಯಸಿಸುವವರಿಗೆ ಅದಕ್ಕಿಂತ ಉಪಯುಕ್ತವಾದ ಸಹಾಯ ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.